ಪಾಪುವಿನ ಹಳೆಯ ದನಿ

ಜೂನ್ ೧೨, ಗುರುವಾರ

ಪ್ರೀತಿಯ ಅಕ್ಕನಿಗೆ,

ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡ. ಇದನ್ನು ನಿನ್ನ ಊಟದ ಡಬ್ಬಿಯ ಚೀಲದಲ್ಲಿ ಇಡುತ್ತೇನೆ. ಎದುರಿಗೆ ನಿಂತರೆ ನನ್ನ ಬಾಯಿ ಹೇಗೆ ಒಣಗುತ್ತದೆಂದು, ಮೂರು ಸಂದರ್ಶನಗಳಿಂದ ನನ್ನನ್ನು ವಾಪಸ್ಸು ಕರೆತಂದ ನಿನಗೇ ಗೊತ್ತು.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಸೋಮವಾರ ಪಾಪುವನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಬೇಡ. ನಿನ್ನ ಮಗಳ ಕಿವಿಗೂ ಏನಾಗಿಲ್ಲ, ತಲೆಗೂ ಏನಾಗಿಲ್ಲ. ಆಗಿರುವುದು ನನಗೆ.

ನಾಲ್ಕು ತುಂಬಿದರೂ ಅವಳ ಬಾಯಲ್ಲಿ 'ಕ', 'ಚ' ಎಲ್ಲ 'ತ' ಆಗುತ್ತಿದ್ದ ದಿನಗಳನ್ನು ನೆನಸಿಕೊ. 'ಚಿಕ್ಕಿ'ಯಾಗಬೇಕಾದ ನಾನು ಅವಳಿಗೆ 'ತಿತ್ತಿ'. "ತಪ್ಪೆ ತಂಡೆ" ಎಂದು ಅವಳು ಮೋರಿಯ ಕಡೆ ಕೈ ತೋರಿಸಿದರೆ, ಕೆಳಮನೆಯ ಟೈಲರ್ ಹೊಲಿಗೆ ನಿಲ್ಲಿಸಿ, ಏನಂತಾಳಮ್ಮ ಈ ಮರಿ, ಸ್ವಲ್ಪ ಬಿಡಿಸಿ ಹೇಳು ಎಂದು ನನ್ನನ್ನು ಕೇಳುತ್ತಿದ್ದರು. ಕಪ್ಪೆ ಕಂಡಳಂತೆ ಎನ್ನುವಾಗ ನನ್ನ ದನಿ ಒಂದಿಷ್ಟೂ ನಡುಗುತ್ತಿರಲಿಲ್ಲ. ಹೆತ್ತವಳು ನೀನೂ ಒಲೆಯ ಮುಂದಿನಿಂದಲೇ, ಏನು ಬೇಕಂತೆ ನೋಡೇ ಇವಳಿಗೆ, ಅಂತೂ ನಿನ್ನ ಡಿಗ್ರಿ ಕೆಲಸಕ್ಕೆ ಬಂತು ಎಂದು ನಗುತ್ತಿದ್ದೆ. ನನಗದು ನಗೆಯ ಮಾತಾಗಿರಲಿಲ್ಲ.

ಆಮೇಲೆ ಮಾತು ಕಲಿಸುವ ಮೇಡಂ ಸಿಕ್ಕರು. ಎರಡು ತಿಂಗಳಿಗೊಮ್ಮೆ ಕ್ಲಿನಿಕ್ಕಿಗೆ ಬರುವವರು. ಪಾಪುವನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ, ನಾಲಿಗೆಯ ತುದಿಯನ್ನು ಚಮಚದ ಹಿಡಿಯಿಂದ ಮೆಲ್ಲಗೆ ಒತ್ತಿ, ಈಗ ಹೇಳು ಪುಟ್ಟಿ ಎಂದರು. ಮೂರನೆಯ ಸಲಕ್ಕೆ 'ಕ' ಬಂತು. ನೀನು ಅತ್ತುಬಿಟ್ಟೆ. ಪಾಪು ಎದ್ದು ಅವರ ಕೊರಳು ತಬ್ಬಿಕೊಂಡಳು. ಎರಡು ವರ್ಷ ಅವಳ ಮಾತನ್ನೆಲ್ಲ ಮನೆಮನೆಗೆ ಹೊತ್ತವಳು ನಾನು, ಅಪ್ಪುಗೆ ಅರ್ಧ ಗಂಟೆಯ ಪರಿಚಯದವರಿಗೆ. ಅದು ಸಾಲದೆಂಬಂತೆ ಅವರು ನನ್ನ ಕಡೆ ತಿರುಗಿ, ನೀವೇ ಎಲ್ಲ ಅರ್ಥ ಮಾಡ್ಕೊಂಡ್ಬಿಟ್ರೆ ಅವಳ್ಯಾಕಮ್ಮ ಕಷ್ಟಪಡ್ತಾಳೆ ಅಂದರು. ನೀನು ತಲೆಯಾಡಿಸಿದೆ.

ಪಾಪು ಚಿತ್ರ ನೋಡಿ ಹೆಸರು ಹೇಳುವುದನ್ನು ವಾರಕ್ಕೊಮ್ಮೆ ರೆಕಾರ್ಡ್ ಮಾಡಿ ಅವರಿಗೆ ಕಳುಹಿಸಬೇಕಿತ್ತಲ್ಲ. ಅಭ್ಯಾಸವನ್ನು ನಾನು ಒಂದು ದಿನವೂ ತಪ್ಪಿಸಲಿಲ್ಲ, ನಿನ್ನಾಣೆ. ಎರಡನೆಯ ವಾರಕ್ಕೇ ಅವಳು ಕೊಡೆ, ಕತ್ತೆ, ಕುದುರೆ ಎಲ್ಲ ಸರಿಯಾಗಿ ಹೇಳಿದಳು. ಹೇಳಿ, ಮೇಡಂಗೆ ತೋರಿಸು, ಮೇಡಂಗೆ ತೋರಿಸು ಎಂದು ಕುಣಿದಳು. ಪಕ್ಕದಲ್ಲೇ ಕೂತಿದ್ದ ನಾನು ಕೇಳಿದ್ದು ಅವಳಿಗೆ ಸಾಲಲಿಲ್ಲ. ಆ ವಾರ, ಕ್ಲಿನಿಕ್ಕಿಗೆ ಹೋಗುವ ಮೊದಲು ಮಾಡಿದ್ದ ಹಳೆಯ ರೆಕಾರ್ಡಿಂಗನ್ನೇ ಕಳುಹಿಸಿದೆ. ಮುಂದಿನ ಮೂರು ವಾರವೂ ಅದನ್ನೇ, ಗೊತ್ತಾಗದಿರಲೆಂದು ಬೇರೆ ಬೇರೆ ತುಂಡು. ಚಿತ್ರದ ಎದುರು ಬರುವ 'ಕ' ಆಟದ ಮಾತಿನಲ್ಲಿ ಜಾರಿ ಮತ್ತೆ 'ತ' ಆಗುತ್ತಿದ್ದುದರಿಂದ, ಕಾರ್ಖಾನೆಯಿಂದ ಸುಸ್ತಾಗಿ ಬರುವ ನಿನಗೂ ಅನುಮಾನ ಬರಲಿಲ್ಲ.

ಬಂದ ಶಬ್ದ ಹೀಗೆ ಹೋಗಬಾರದು, ಕಿವಿ ಪರೀಕ್ಷೆ, ತಲೆಯ ಸ್ಕ್ಯಾನ್ ಎರಡೂ ಮಾಡಿಸಿ ಎಂದು ಮೇಡಂ ಫೋನ್ ಮಾಡಿದ್ದು ಅದಕ್ಕೇ. ಮಗುವಿಗೆ ಮತ್ತು ಬರಿಸಿ ಯಂತ್ರದೊಳಗೆ ಮಲಗಿಸ್ತಾರಂತೆ ಕಣೆ ಎಂದು ನಿನ್ನೆ ನೀನು ಪಾತ್ರೆ ತೊಳೆಯುತ್ತಾ ಹೇಳಿದೆ. ನಲ್ಲಿ ನಿಲ್ಲಿಸಿದ ಮೇಲೂ ನಿನ್ನ ಕೆನ್ನೆಯ ಮೇಲೆ ನೀರಿತ್ತು. ಆಗಲೂ ನಾನು ತಟ್ಟೆ ಒರೆಸುತ್ತಾ ನಿಂತೆ.

ಇವತ್ತಿನ ರೆಕಾರ್ಡಿಂಗನ್ನು ಮೇಡಂಗೆ ಕಳುಹಿಸಿದ್ದೇನೆ. ನಾನು ಮಾಡಿದ್ದನ್ನೂ ಬರೆದಿದ್ದೇನೆ. ಹಳೆಯದನ್ನು ಅಳಿಸಿಬಿಟ್ಟೆ. ಎಷ್ಟು ಬೇಕಾದರೂ ಬೈಯಿ, ಪಾಪುವಿನ ಎದುರು ಮಾತ್ರ ಬೇಡ.

ನಿನ್ನ ಮುಖ ನೋಡಲು ಹೆದರಿರುವ
ತಂಗಿ

ಇನ್ನೊಂದು ಮಾತು: ಹಳೆಯದನ್ನು ಅಳಿಸಿದೆ ಎಂದದ್ದು ಸುಳ್ಳು. ಅದರ ಕೊನೆಯಲ್ಲಿ ಪಾಪು, ಮುಗೀತಾ ತಿತ್ತಿ ಎಂದು ಕೇಳುತ್ತಾಳೆ. ಇವತ್ತು ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳುತ್ತಾ, ಯಾರೂ ಹೇಳಿಕೊಡದೆ, 'ತಿಕ್ಕಿ' ಎಂದು ಕರೆದಳು. ಇನ್ನು 'ಚ' ಒಂದು ಬಾಕಿ. ಮೇಡಂಗೆ ಹೇಳಿಡು, ಅದನ್ನು ನಾನೇ ಕಲಿಸುತ್ತೇನೆ.