ಬರಿಗಾಲಲ್ಲಿ ಫ್ರಿಜ್ ಮುಂದೆ

ಅಮ್ಮಾ,

ಇವತ್ತು ನಮ್ಮ ಲ್ಯಾಬಿನಲ್ಲಿ ಒಂದು ಇಲಿ ಸತ್ತಿತು. ನೀನು ನಗುತ್ತೀಯ, ಆದರೂ ಹೇಳುತ್ತೇನೆ.

ನಮ್ಮ ಮೈಯ ಜೀವಕೋಶಗಳಲ್ಲಿ ಟೋಲ್ ಗ್ರಾಹಕಗಳೆಂಬ ಕಾವಲುಗಾರರಿದ್ದಾರೆ. ರೋಗದ ಕ್ರಿಮಿ ಸೋಕಿದರೆ ಸಾಕು, ಊರಿಗೆಲ್ಲ ಕೇಳುವಂತೆ ಕೂಗಿಕೊಳ್ಳುತ್ತಾರೆ. ಜ್ವರ, ಊತ, ನೋವು ಎಲ್ಲ ಆ ಕೂಗಿನಿಂದಲೇ. ಈ ಇಲಿಗೆ ಹುಟ್ಟಿನಿಂದಲೇ ಅಂಥದೊಂದು ಕಾವಲು ಇರಲಿಲ್ಲ. ಕ್ರಿಮಿ ಒಳಹೊಕ್ಕ ಮೇಲೂ ಅದು ನಿನ್ನೆ ಆರಾಮಾಗಿ ಕಾಳು ತಿನ್ನುತ್ತಿತ್ತು. ಪಕ್ಕದ ಪಂಜರದ ಮಾಮೂಲಿ ಇಲಿಗಳು ಮುದುಡಿ, ನಡುಗಿ, ಬದುಕಿಕೊಂಡವು.

"ಎಷ್ಟು ಶಾಂತವಾಗಿತ್ತಲ್ಲೋ," ಅಂದೆ.

"ಒಳಗೆ ಬೊಬ್ಬೆ ಹೊಡೆಯೋರು ಯಾರೂ ಇರ್ಲಿಲ್ಲ ಕಣೇ," ಅಂದ ಜೊತೆಗಾರ ತಾರ್ಸಿಸಿಯೊ. "ನಮ್ಮಮ್ಮನ್ನ ಕಳಿಸ್ಬೇಕಿತ್ತು. ನಾನೊಂದು ಸೀನಿದ್ರೆ ಹತ್ತು ಸಲ ಫೋನ್ ಮಾಡ್ತಾಳೆ."

ಅಂದವನೇ ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. ನೀನೀಗ ಇಲ್ಲವೆಂಬುದು ಅವನಿಗೆ ಆಗ ನೆನಪಾಗಿತ್ತು. ಪರವಾಗಿಲ್ಲ ಮಾರಾಯ ಅಂದೆ.

ನೀನೂ ಫೋನ್ ಮಾಡಿದಾಗಲೆಲ್ಲ ಇದನ್ನೇ ಹೇಳುತ್ತಿದ್ದೆ: "ಒದ್ದೆ ತಲೇಲಿ ಗಾಳಿಗೆ ಹೋಗ್ಬೇಡ ಮಗಳೇ. ಬರಿಗಾಲಲ್ಲಿ ಫ್ರಿಜ್ ತೆಗೀಬೇಡ, ಶೀತ ಹಿಡಿಯತ್ತೆ."

"ಆಯ್ತಮ್ಮಾ, ಕೆಲ್ಸ ಇದೆ, ಇಡ್ತೀನಿ."

ನೀನು ನಮ್ಮೂರು ಡಿಯಮಾಂಟಿನಾದಿಂದ ಬಸ್ ಡ್ರೈವರ್ ಕೈಯಲ್ಲಿ ಕಳಿಸಿದ್ದ ಕೆಮ್ಮಿನ ಔಷಧಿ, ಆ ಗ್ವಾಕೊ ಎಲೆ, ಜೇನುತುಪ್ಪದ್ದು, ಇನ್ನೂ ಇದೆ. ಮುಚ್ಚಳದ ಮೇಲೆ ನೀನು ಬಿಗಿದ ದಾರವೂ ಹಾಗೇ ಇದೆ.

ಬೆಳಗ್ಗೆಯಿಂದ ಸಣ್ಣಗೆ ಕೆಮ್ಮು. ಮನೆಗೆ ಬಂದು ಚಪ್ಪಲಿ ಕಳಚಿ, ಆ ಬಾಟಲಿಗೆಂದು ಫ್ರಿಜ್ ತೆರೆದೆ. ತಣ್ಣನೆಯ ನೆಲದ ಮೇಲೆ, ಬರಿಗಾಲಲ್ಲೇ, ಬಾಗಿಲು ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದೆ ಅಮ್ಮಾ.

ಮನೆ ತುಂಬ ಶಾಂತವಾಗಿತ್ತು.