ಒಂದೂವರಿ ಸೆಂಟಿಮೀಟರಿನ ಮಗಳು

ದೋರನಹಳ್ಳಿ, ತಾ. ಶಹಾಪುರ
ಮಂಗಳವಾರ, 10 ಜೂನ್ 2025

ಮಗ ದೇವಿಂದ್ರಗ ನಿಮ್ಮವ್ವ ಬರಿಯೋದು.

ಆರಾಮ ಇದ್ದಿ ಅಂತ ತಿಳಕೊಂಡೇನಿ, ಆರಾಮ ಇದ್ದವರೇ ಅವ್ವನ ಫೋನ್ ಕಟ್ ಮಾಡ್ತಾರ. ಸೊಸಿ ಉಮಾನ ಸೊಂಟನೋವು ಕಮ್ಮಿ ಆತೇನು? ಪಾಪ, ಅಕಿ ಮ್ಯಾಲ ನನಗ ಸಿಟ್ಟಿಲ್ಲ. ನಾಲ್ಕು ದಿನ ಫೋನ್ ಹಚ್ಚಿ ಹಚ್ಚಿ ಸಾಕಾಗಿ, ಪುಣಾಕ್ಕ ನಿಮ್ಮ ಕೆಲಸದ ಜಾಗಕ್ಕೇ ಬರೋ ಬಸಲಿಂಗನ ಕೈಯಾಗ ಈ ಕಾಗದ ಕಳಸಾಕತ್ತೇನಿ.

ಸಪ್ನಾನ ಓಟದ ಹಾಸ್ಟೆಲ್ಲಿನ ಯಾದಿ ಬಂತು. ನಿನ್ನ ಮಗಳ ಹೆಸರಿನ ಮುಂದ "ಎತ್ತರ ಸಾಲದು" ಅಂತ ಅದ. ತಾಲೂಕಿನಾಗ ಎಲ್ಲಾರನ್ನೂ ಹಿಂದ ಹಾಕಿದ ಪೋರಿಗಿ ಎತ್ತರ ಸಾಲದಂತ! ಕಂಪ್ಯೂಟರ್ ಅಂಗಡಿ ಯೂನುಸನ ಕಡಿ ಹೋಗಿ ನೀ ತುಂಬಿದ ಅರ್ಜಿ ತೆಗಸಿ ನೋಡಿದೆ. ಸೆಂಟಿಮೀಟರಿನಾಗ ಬರೀರಿ ಅಂದಲ್ಲಿ 1.52 ಅಂತ ಬರದಿದಿ. ಯಪ್ಪಾ, ಒಂದೂವರಿ ಸೆಂಟಿಮೀಟರಂದ್ರ ನನ್ನ ಹೆಬ್ಬಟ್ಟಿನ ಉಗುರಷ್ಟು. ಅಷ್ಟು ಸಣ್ಣ ಮಗಳು ನಿನಗ ಯಾವಾಗ ಹುಟ್ಟಿದ್ಳೋ?

ಅಂಗನವಾಡಿಯಾಗ ಇಪ್ಪತ್ತೆಂಟು ವರ್ಷ ಕೂಸುಗಳ್ನ ಅಳದು ತೂಗಿ ಬುಕ್ಕಿನಾಗ ಬರದಾಕಿ ನಾನು. ಮೀಟರಿಗಿ ನೂರು ಸೆಂಟಿಮೀಟರ್, ಕಿಲೋಕ್ಕ ಸಾವಿರ ಗ್ರಾಂ, ಲೀಟರಿಗಿ ಸಾವಿರ ಮಿಲಿ. ಹುಟ್ಟಿದಾಗ ನೀ ಎರಡು ಕಿಲೋ ನಾನೂರು ಗ್ರಾಂ ಇದ್ದಿ. ಅದನ್ನ ಎರಡು ಸಾವಿರದ ನಾನೂರು ಗ್ರಾಂ ಮಾಡಿ ತೋರಿಸಿಯೇ ನಿನಗ ಈ ಲೆಕ್ಕ ಕಲಿಸಿದ್ದೆ. ಸಪ್ನಾನ ಅಂಗನವಾಡಿ ಗೋಡಿಗಿ ನಿಲ್ಲಿಸಿ ಅಳದು, ನೂರಾ ಐವತ್ತೆರಡು ಸೆಂಟಿಮೀಟರ್ ಅಂತ ಫೋನಿನಾಗ ಎರಡು ಸಲ ಹೇಳಿದೆ. ಆ ಚುಕ್ಕಿ ಎಲ್ಲಿಂದ ತಂದಿ? ಪೋರಿ ಎರಡು ದಿನದಿಂದ ಸರಿಯಾಗಿ ಉಂಡಿಲ್ಲ. ಬೂಟು ತೊಳದು ಮಾಳಿಗಿ ಮ್ಯಾಲ ಇಟ್ಟಾಕಿ ಒಳಗ ತಂದಿಲ್ಲ. "ಅಪ್ಪ ದಣದಿದ್ದ ಆಯೀ, ನಿದ್ದಿಗಣ್ಣಾಗ ಬರದಿರಬೇಕು" ಅಂತ ನನಗೇ ಸಮಾಧಾನ ಹೇಳ್ತಾಳ.

ನೂರು ವರ್ಷ ಬಾಳು. ಬಾಳಿದಷ್ಟು ದಿನ ನನ್ನ ಬೈಗಳ ತಿನ್ನು. ಉಮಾಗ ಆಶೀರ್ವಾದ.

ನಿಮ್ಮವ್ವ,
ಸುಂದ್ರಮ್ಮ

ತಾ.ಕ.: ಬಸಲಿಂಗ ಹೊರಗ ಹಾರ್ನ್ ಹೊಡ್ಯಾಕತ್ಯಾನ. ಅರ್ಜಿ ತಿದ್ದಾಕ ಶುಕ್ರವಾರ ತನಕ ವ್ಯಾಳ್ಯಾ ಅದ. ಒಟಿಪಿ ನಿನ್ನ ಫೋನಿಗೇ ಬರ್ತದ. ಬಸಲಿಂಗ ಯೂನುಸಗ ಫೋನ್ ಹಚ್ಚಿ ನಿನ್ನ ಮುಂದ ನಿಂತಿರ್ತಾನ, ಓದಿ ಹೇಳು. ಫರಶಿ ಕೂಡಸೋ ಗೌಂಡಿ ನೀನು. ಎರಡು ಮಿಲಿಮೀಟರ್ ತಪ್ಪಿದ್ರ ಕಿತ್ತಿ ಮತ್ತ ಕೂಡಸಾಂವ. ಯುಗಾದಿಗಿ ಬಂದಾಗ "ಪೋರಿ ಚಡ್ಡಿ ಹಾಕ್ಕೊಂಡು ಓಡಿದ್ದು ಸಾಕು" ಅಂದದ್ದೂ ನನಗ ನೆನಪದ. ಸಪ್ನಾ ಇನ್ನೂ ನೀ ತಪ್ಪಿ ಬರದಿ ಅಂತ ನಂಬ್ಯಾಳ. ಶುಕ್ರವಾರದೊಳಗ ನೀ ಒಟಿಪಿ ಹೇಳಲಿಲ್ಲಂದ್ರ, "ನಿಮ್ಮಪ್ಪನ ಅಳತಿ ಎಂದೂ ತಪ್ಪಲ್ಲ" ಅಂತ ಶನಿವಾರ ಅಕಿಗಿ ನಾನೇ ಹೇಳ್ತೇನಿ.