ಪ್ರೋಟೀನ್ ಅಂದ್ರ ಬ್ಯಾಳಿ

ಆಗಸ್ಟ್ 4, ಸೋಮವಾರ

ಲ್ಯಾಬಿನಲ್ಲಿ ಹತ್ತು ಗಂಟೆಯೊಳಗೆ ಮೂವತ್ತೊಂದು ರಕ್ತದ ಸ್ಯಾಂಪಲ್. ಸಿಂದಗಿಯಲ್ಲಿ ಜ್ವರ ಇಲ್ಲದ ಮನೆಯೇ ಇಲ್ಲವೇನೋ. ಸೆಂಟ್ರಿಫ್ಯೂಜ್ ಮತ್ತೆ ಗಡಗಡ ಅನ್ನುತ್ತಿದೆ, ಅದರ ಕೆಳಗೆ ರಟ್ಟು ಮಡಚಿ ಇಟ್ಟೆ.

ಮೂವತ್ತೆರಡನೆಯ ಟ್ಯೂಬ್ ಅಬ್ಬಾನದು. ನಮ್ಮೂರು ಹೊರ್ತಿಯಿಂದ ಮೊದಲ ಬಸ್ಸಿಗೆ ಬಂದು, ರಕ್ತ ಕೊಟ್ಟು, ಚಹಾ ಕುಡಿದು ಹೋದರು. ಹೋದ ವಾರ ವಿಜಯಪುರದಲ್ಲಿ ಸ್ಕ್ಯಾನ್ ಆಗಿತ್ತು, ಲಿವರಿನಲ್ಲಿ ನಾಲ್ಕು ಸೆಂಟಿಮೀಟರಿನ ಗಂಟು. ಡಾಕ್ಟರು ಎಎಫ್‌ಪಿ ಬರೆದುಕೊಟ್ಟಿದ್ದರು. ಅದೊಂದು ಪ್ರೋಟೀನು, ರಕ್ತದಲ್ಲಿ ಹತ್ತರ ಕೆಳಗಿರಬೇಕು.

862.

ಮತ್ತೊಮ್ಮೆ ಹಾಕಿದೆ. 858. ಮೆಷಿನ್ ಸರಿಯಾಗೇ ಇದೆ. ದರಿದ್ರದ್ದು, ಬೇರೆ ದಿನವೆಲ್ಲ ಕೈ ಕೊಡುತ್ತದೆ.

ರಿಪೋರ್ಟ್ ಮಡಚಿ ಬ್ಯಾಗಿನಲ್ಲಿ ಇಟ್ಟುಕೊಂಡೆ. ಯಾರಿಗೂ ಹೇಳಿಲ್ಲ.

ಆಗಸ್ಟ್ 5, ಮಧ್ಯಾಹ್ನ

ಭುವನೇಶ್ವರಿ ಮೇಡಂ ನಮ್ಮ ಲ್ಯಾಬಿನ ಪೆಥಾಲಜಿಸ್ಟ್. ಮಂಗಳವಾರ ಮಾತ್ರ ಬರುತ್ತಾರೆ. ಹೆಸರಿನ ಮೇಲೆ ಬೆರಳಿಟ್ಟು ರಿಪೋರ್ಟ್ ತೋರಿಸಿದೆ. ಯಾಕೂಬಸಾಬ ಅಂದರೆ ನನ್ನ ಅಬ್ಬಾ ಅಂತ ಅವರಿಗೆ ಗೊತ್ತು. ಕುರ್ಚಿ ಎಳೆದು ಕೂರಿಸಿದರು.

“ಇದು ಗಡ್ಡಿ ಬಿಡೋ ಪ್ರೋಟೀನ್ ಶಾಹಿಸ್ತಾ. ಇದೊಂದ ಅಲ್ಲ, ಇನ್ನೂ ಎಷ್ಟೋ ಬಿಡ್ತೈತಿ. ಕೆಲವು ಸುತ್ತಲಿನ ಬಿಗಿ ಸಡಿಲ ಮಾಡ್ತಾವು. ಕೆಲವು ರಕ್ತನಾಳನ್ನ ತನ್ನ ಕಡೆ ಎಳಕೋತಾವು. ಕಾವಲಿಗೆ ಬಂದ ಜೀವಕೋಶಗಳಿಗೆ ಮಂಕು ಹಿಡಿಸ್ತಾವು. ಇನ್ನು ಕೆಲವು ಮುಂದ ಹೋಗಿ ಶ್ವಾಸಕೋಶದಾಗ ಜಾಗಾ ಹದ ಮಾಡ್ತಾವು.”

“ಗಡ್ಡಿ ಅಲ್ಲಿಗೆ ಹೋಗೋಕ್ಕಿಂತ ಮೊದಲ?”

“ಮೊದಲ. ಅದಕ್ಕ ಲಗೂನ ತಗಿಬೇಕು.”

ಸ್ಕ್ಯಾನ್ ಪ್ರಕಾರ ಅದು ರಕ್ತನಾಳದೊಳಗೆ ಹೊಕ್ಕಿಲ್ಲವಂತೆ, ಒಂದೇ ಗಂಟಂತೆ. ಇದು ಒಳ್ಳೆಯ ಸುದ್ದಿ ಅಂದರು. ಒಳ್ಳೆಯ ಸುದ್ದಿಯನ್ನು ಕೈಯಲ್ಲಿ ಹಿಡಿದು ಸ್ಟೋರ್ ರೂಮಿಗೆ ಹೋಗಿ ಅತ್ತೆ.

ಆಗಸ್ಟ್ 10, ಭಾನುವಾರ — ಹೊರ್ತಿ

ವಿಜಯಪುರದ ಡಾಕ್ಟರು ಮೊನ್ನೆ ರಿಪೋರ್ಟ್ ಕೇಳಿ ಫೋನಿನಲ್ಲಿ, “ನೀವು ಲ್ಯಾಬಿನವರು, ಮನಿಯಾಗ ನೀವ ತಿಳಿಸಿ ಹೇಳ್ರಿ” ಅಂದಿದ್ದರು. ಬಸ್ಸಿನಲ್ಲಿ ಪೂರ್ತಿ ದಾರಿ ಬಾಯಿಪಾಠ ಮಾಡಿಕೊಂಡು ಬಂದೆ. ಮನೆಯಲ್ಲಿ ಅಬ್ಬಾ ಕಟ್ಟೆಯ ಮೇಲೆ ಕೂತು ರೇಡಿಯೋದ ತಂತಿ ಬಿಗಿಯುತ್ತಿದ್ದರು. ಆ ಕೈ ನೋಡಿದೆ, ಪಾಠ ಮರೆತುಹೋಯಿತು.

“ಅಬ್ಬಾ, ರಕ್ತದಾಗ ಒಂದು ಪ್ರೋಟೀನ್ ಜಾಸ್ತಿ ಆಗೈತ್ರಿ. ಲಿವರಿನಾಗ ಸಣ್ಣ ಗಂಟು. ಸೆಪ್ಟೆಂಬರಿನಾಗ ಆಪರೇಷನ್ ಮಾಡಿ ತಗೀತಾರ.”

ಅಮ್ಮಿ ಒಳಗಿನಿಂದ, “ಪ್ರೋಟೀನ್ ಅಂದ್ರ ಬ್ಯಾಳಿಯಾಗ ಇರ್ತೈತಲ್ಲ, ಅದ ಏನ?” ಅಂದಳು.

“ಹೂಂ, ಅಂಥಾದ್ದ.”

ಅಷ್ಟೇ. ಕ್ಯಾನ್ಸರ್ ಅನ್ನುವ ಮಾತನ್ನು ಆಡಲೇ ಇಲ್ಲ. ಮುಂದಿನ ವಾರ ಹೇಳುತ್ತೇನೆ.

ಆಗಸ್ಟ್ 31, ಭಾನುವಾರ

ಹೇಳಲಿಲ್ಲ.

ಅಬ್ಬಾ ಇಳಿದಿದ್ದಾರೆ. ಅಂಗಿ ಭುಜದಿಂದ ಜಾರುತ್ತದೆ. ರೋಗ ಅಂದುಕೊಂಡೆ. ಮಧ್ಯಾಹ್ನ ಅಮ್ಮಿ ನನಗೆ ತತ್ತಿ ಸಾರು ಬಡಿಸಿದಳು, ಅಬ್ಬಾ ಆಗಲೇ ಉಂಡರು ಅಂದಳು. ಫೋನಿನಲ್ಲೂ ದಿನಾ ಅದೇ. ಊಟ ಆತೇನ್ರಿ? ಆತು. ಏನು ಉಂಡಿರಿ ಅಂತ ಕೇಳುವ ಬುದ್ಧಿ ನನಗಿಲ್ಲ.

ಪಕ್ಕದ ಮನೆಯ ಸಿದ್ದಲಿಂಗವ್ವಕಾಕು ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ. ಗೋಡೆಯ ಆಚೆಯಿಂದ, “ನಿಮ್ಮಪ್ಪ ಭಾರಿ ಗಟ್ಟಿ ಮನಶ್ಯಾ ಅದಾನವ್ವ, ಹೇಳಿದ್ದನ್ನ ಒಟ್ಟ ಮುರದಿಲ್ಲ” ಅಂದಳು. ಏನನ್ನು ಅಂತ ಕೇಳುವಷ್ಟರಲ್ಲಿ ಬಸ್ಸು ಬಂತು.

ಸೆಪ್ಟೆಂಬರ್ 15, ಸೋಮವಾರ — ವಿಜಯಪುರ ಬಸ್ ಸ್ಟ್ಯಾಂಡ್, ಸಂಜೆ 4

ಬಸ್ಸಿಗೆ ಇನ್ನೂ ಹೊತ್ತಿದೆ. ಅಷ್ಟರಲ್ಲಿ ಬರೆಯುತ್ತೇನೆ.

ಆಪರೇಷನ್ನಿಗೆ ತಾರೀಖು ಕೊಡುತ್ತಾರೆ ಅಂತ ಹೋಗಿದ್ದೆವು. ತೂಕ ಆರು ಕಿಲೋ ಇಳಿದಿದೆ. ಅಲ್ಬುಮಿನ್ 2.8. ಅದೂ ಪ್ರೋಟೀನೇ, ಲಿವರ್ ತಾನೇ ತಯಾರಿಸುವ ಒಳ್ಳೆಯ ಪ್ರೋಟೀನು. “ಮೂರೂವರೆ ಆಗೂತನಾ ನಾ ಕತ್ತರಿ ಹಿಡ್ಯಂಗಿಲ್ಲ” ಅಂದರು ಡಾಕ್ಟರು. “ಸಾಬ್ರ, ಊಟಕ್ಕೇನು ತಿಂತೀರಿ?”

ಅಬ್ಬಾ ನೆಟ್ಟಗೆ ಕೂತು, ಸಾಹೇಬರ ಮುಂದೆ ಡ್ಯೂಟಿ ಒಪ್ಪಿಸುವವರಂತೆ ಹೇಳಿದರು.

“ಬ್ಯಾಳಿ ಬಿಟ್ಟೇನ್ರಿ. ತತ್ತಿ, ಮಟನ್ ಬಿಟ್ಟೇನಿ. ಹಾಲೂ ಬಿಟ್ಟೇನಿ. ಪ್ರೋಟೀನ್ ಜಾಸ್ತಿ ಆಗೈತಿ ಅಂತ ಮಗಳು ಹೇಳ್ಯಾಳ್ರಿ. ಒಂದು ದಿನಾನೂ ತಪ್ಪಿಲ್ಲ.”

ಡಾಕ್ಟರು ನನ್ನನ್ನೇ ನೋಡಿದರು.

ಐದು ವಾರ! ಸಿದ್ದಲಿಂಗವ್ವಕಾಕು ಅಂಗನವಾಡಿ ಗೋಡೆಯ ಚಾರ್ಟ್ ನೋಡಿ ಪಟ್ಟಿ ಮಾಡಿಕೊಟ್ಟಿದ್ದಳಂತೆ. ಬೇಳೆ, ಶೇಂಗಾ, ಕಾಳು, ಹಾಲು, ತತ್ತಿ. ಅಮ್ಮಿ ಒಂದೊಂದನ್ನೇ ನಿಲ್ಲಿಸಿದಳು. ತೊಗರಿ ಬೆಳೆಯುವ ಊರಿನಲ್ಲಿ ನನ್ನ ಅಬ್ಬಾ ಬರೀ ರೊಟ್ಟಿ, ಹುಣಸೆ ಸಾರು ಉಂಡು ಕೂತಿದ್ದರು. ನಾನು ಪ್ರೋಟೀನ್ ಅಂದದ್ದಕ್ಕೆ. ಒಂದು ಮಾತು ನುಂಗಿದ್ದಕ್ಕೆ.

ಈ ಐದು ವಾರದಲ್ಲಿ ಆ ಗಂಟು ಸುಮ್ಮನೆ ಕೂತಿರುತ್ತದೆಯೇ?

ಸೆಪ್ಟೆಂಬರ್ 16, ಬೆಳಿಗ್ಗೆ — ಹೊರ್ತಿ

ಹೇಳಿದೆ.

ಕಟ್ಟೆಯ ಮೇಲೆ, ಅಮ್ಮಿಯನ್ನೂ ಕೂರಿಸಿಕೊಂಡು. “ಅಬ್ಬಾ, ಅದು ಕ್ಯಾನ್ಸರ್ ಐತ್ರಿ. ಜಾಸ್ತಿ ಆದ ಪ್ರೋಟೀನ್ ನೀವು ತಿಂದದ್ದಲ್ಲ. ಆ ಗಡ್ಡಿ ಬಿಟ್ಟದ್ದು. ನಂಗ ಆಗಸ್ಟ್ ನಾಕಕ್ಕ ಗೊತ್ತಿತ್ತು.”

ಅಮ್ಮಿ ಸೆರಗು ಬಾಯಿಗೆ ಒತ್ತಿಕೊಂಡಳು. “ನಾನ ಉಪವಾಸ ಕೆಡವಿದೆನಲ್ಲ ಇವರನ್ನ” ಅಂದಳು. ನೀನಲ್ಲಮ್ಮಿ, ನಾನು ಅಂದೆ.

ಅಬ್ಬಾ ರೇಡಿಯೋ ಪಕ್ಕಕ್ಕೆ ಸರಿಸಿದರು. ಆಮೇಲೆ ಕೇಳಿದ್ದು, “ಅದು ಯಾಕ ಬಿಡ್ತೈತಿ ಅದನ್ನ?”

ಮೇಡಂ ಹೇಳಿದ್ದನ್ನೆಲ್ಲ ಹೇಳಿದೆ. ಸಡಿಲ ಮಾಡುವುದು, ರಕ್ತನಾಳ ಎಳೆಯುವುದು, ಮುಂದೆ ಹೋಗಿ ಜಾಗ ಹದ ಮಾಡುವುದು. ಅಬ್ಬಾ ಇಪ್ಪತ್ತೊಂಬತ್ತು ವರ್ಷ ಆಲಮಟ್ಟಿ ಕಾಲುವೆಯಲ್ಲಿ ಗೇಟ್ ಎತ್ತಿ ಇಳಿಸಿದವರು. ಅವರಿಗೆ ಅಷ್ಟು ಸಾಕಾಯಿತು.

“ತಿಳೀತು. ನೀರು ಬರೋಕ್ಕಿಂತ ಮೊದಲ ಗೇಟಿನ ಕೀಲಿ ತಗಿಯೋ ಮಂದಿನ್ನ ಕಳಸ್ತೈತಿ. ಹಾದಿ ಮೊದಲ, ನೀರು ಹಿಂದ.”

“ಹೌದ್ರಿ.”

“ಬದ್ಮಾಶ್.”

ಗಡ್ಡೆಗೆ ಅಂದರೋ ನನಗೆ ಅಂದರೋ ತಿಳಿಯಲಿಲ್ಲ. ಆಮೇಲೆ ಬೈಗುಳ ನನಗೇ ಬಂತು.

“ಐದು ವಾರ ಆ ಹುಣಸಿ ನೀರು ಕುಡದೇನಿ ನಾನು! ಅದಕ್ಕ ಜವಾಬು ಯಾರು ಕೊಡ್ತಾರ?”

ನನಗೆ ಅಳು, ನಗು ಎರಡೂ ಬಂದವು. ಅವರು ನಗಲಿಲ್ಲ.

“ನೋಡ ಶಾಹಿಸ್ತಾ. ಗೇಜಿನ ಮ್ಯಾಲ ನೀರು ಎಷ್ಟೈತಿ ಅಷ್ಟ ಬರಿಬೇಕು, ಅಷ್ಟ ಹೇಳಬೇಕು. ಹೆಚ್ಚೈತಿ ಅಂತ ಹೆದರಿ ಮುಚ್ಚಿಟ್ರ ಕೆಳಗಿನ ಊರು ಮುಣಗತಾವು. ಇನ್ನ ಮುಂದ ನನ್ನ ರೀಡಿಂಗ್ ನಾನ ಓದ್ತೇನಿ. ನೀ ನನಗಿಂತ ಮೊದಲ ನೋಡಬ್ಯಾಡ.”

ಆಗಲಿ ಅಂದೆ.

ಸೆಪ್ಟೆಂಬರ್ 17

ಸಿದ್ದಲಿಂಗವ್ವಕಾಕು ಬೆಳಿಗ್ಗೆಯೇ ಒಂದು ಸೇರು ತೊಗರಿಬೇಳೆ ತಂದು ಅಮ್ಮಿಯ ಮುಂದೆ ಇಟ್ಟು ಅತ್ತಳು. ಅಬ್ಬಾ ಒಳಗಿನಿಂದ, “ಅಳಬ್ಯಾಡವ್ವ, ಕುದಿಯಾಕ ಇಡು” ಅಂದರು.

ಅಕ್ಟೋಬರ್ 13, ಸೋಮವಾರ

ನಾಲ್ಕು ವಾರ ಏನೂ ಬರೆಯಲಿಲ್ಲ. ಬರೆಯಲು ಇದ್ದದ್ದು ಊಟ ಮಾತ್ರ. ದಿನಾ ಫೋನು, ಈಗ ಪೂರ್ತಿ ವರದಿ. ದಪ್ಪ ಬೇಳೆ, ಎರಡು ತತ್ತಿ, ಶೇಂಗಾ ಹಿಂಡಿ ಚಟ್ನಿ, ಮೊಸರು. ಅಮ್ಮಿ ಬೆನ್ನು ಹತ್ತಿದ್ದಾಳೆ. “ನಿಮ್ಮವ್ವ ನನ್ನ ಬಕರೀದಿನ ಕುರಿ ಮೇಯಿಸಿದಂಗ ಮೇಯಿಸಾಕತ್ತಾಳ” ಅಂತ ದೂರು.

ಇವತ್ತು ವಿಜಯಪುರ. ರಿಪೋರ್ಟಿನ ಲಕೋಟೆ ಅಬ್ಬಾನ ಕೈಗೇ ಕೊಟ್ಟೆ. ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು. ಅಲ್ಬುಮಿನ್ 3.5. ಹೊಸ ಸ್ಕ್ಯಾನಿನಲ್ಲಿ ಗಂಟು ನಾಲ್ಕೂಮುಕ್ಕಾಲು ಆಗಿದೆ. ಮುಕ್ಕಾಲು ನನ್ನದು. ಆದರೆ ರಕ್ತನಾಳ ಹೊಕ್ಕಿಲ್ಲ, ಶ್ವಾಸಕೋಶ ಸ್ವಚ್ಛ. ಯಾ ಅಲ್ಲಾ. ಆಪರೇಷನ್ 28ಕ್ಕೆ, ಡಾಕ್ಟರು ಸೊಲ್ಲಾಪುರದ ದೊಡ್ಡ ಆಸ್ಪತ್ರೆಯಲ್ಲಿ ಮಾಡುತ್ತಾರಂತೆ.

ಅಕ್ಟೋಬರ್ 28, ಮಂಗಳವಾರ — ಸೊಲ್ಲಾಪುರ, ಬೆಳಿಗ್ಗೆ 7.40

ಅಬ್ಬಾನನ್ನು ಈಗಷ್ಟೇ ಒಳಗೆ ಕರೆದುಕೊಂಡು ಹೋದರು. ಆಸ್ಪತ್ರೆಯ ಹಸಿರು ಗೌನು, ಹಿಂದೆ ಲಾಡಿ ಕಟ್ಟುವಂಥದ್ದು. ಹೋಗುವಾಗ ತಿರುಗಿ, “ಹಿಂದಿನ ಗೇಟ್ ತೆರದ ಐತಲ್ಲ ಮಗಳ” ಅಂದರು. ನರ್ಸ್ ಕೂಡ ನಕ್ಕಳು.

ಅಮ್ಮಿ ತಸ್ಬೀಹ್ ಮಣಿಸರ ಹಿಡಿದು ಕೂತಿದ್ದಾಳೆ. ನನಗೆ ಕೂರಲು ಆಗುತ್ತಿಲ್ಲ.

ಮಧ್ಯಾಹ್ನ 2.15

ಆಯಿತು. ತೆಗೆದರು. ಎಚ್ಚರ ಆದ ಮೇಲೆ ನೀರು ಕೇಳಿದರಂತೆ.

ಡಿಸೆಂಬರ್ 29, ಸೋಮವಾರ — ಲ್ಯಾಬ್, 11.20

ಎರಡು ತಿಂಗಳಾಯಿತು. ಇವತ್ತು ಮತ್ತೆ ಎಎಫ್‌ಪಿ. ಗಡ್ಡೆಯ ಮಂದಿ ಮೊದಲೇ ಎಲ್ಲಿಯಾದರೂ ಹೋಗಿ ಕೀಲಿ ತೆಗೆದು, ಗಡ್ಡೆ ಅಲ್ಲಿ ಬೇರು ಬಿಟ್ಟಿದ್ದರೆ ಈ ಅಂಕೆ ಇಳಿದಿರುವುದಿಲ್ಲ. ಹತ್ತರ ಕೆಳಗೆ ಬಂದಿದ್ದರೆ ಸದ್ಯಕ್ಕೆ ಗೆದ್ದೆವು ಅಂದಿದ್ದಾರೆ ಮೇಡಂ. ಸದ್ಯಕ್ಕೆ ಅನ್ನುವುದನ್ನು ಒತ್ತಿ ಹೇಳಿದರು.

ಸ್ಯಾಂಪಲ್ ಮೆಷಿನ್ನಿನಲ್ಲಿದೆ, ಹದಿನೆಂಟು ನಿಮಿಷ. ಅಬ್ಬಾ ಬೆಂಚಿನ ಮೇಲೆ ಕೂತು, ಕುದಿಸಿದ ಹಸಿ ತೊಗರಿಕಾಯಿ ಸುಲಿದು ತಿನ್ನುತ್ತಿದ್ದಾರೆ. ಹೊಸ ಬೆಳೆ. ಸಿಪ್ಪೆಯನ್ನು ನನ್ನ ಹತ್ತಿ ಡಬ್ಬಿಯ ಮುಚ್ಚಳದಲ್ಲಿ ಹಾಕುತ್ತಿದ್ದಾರೆ. ಬೈಯಬೇಕು, ಬೈಯಲು ಬಾಯಿ ಬರುತ್ತಿಲ್ಲ.

11.38. ಪ್ರಿಂಟರ್ ಕಿರುಗುಟ್ಟಿತು. ಚೀಟಿ ಹೊರಗೆ ಬಂತು. ನೋಡದೆ, ಮುಖ ತಿರುಗಿಸಿ ಹರಿದು, ಅಬ್ಬಾನ ಕೈಗೆ ಕೊಟ್ಟೆ. ತಲೆ ಎತ್ತುವ ಧೈರ್ಯ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕೈ ಒರೆಸಿಕೊಂಡರು. ಕನ್ನಡಕ ಹುಡುಕುತ್ತಿದ್ದಾರೆ. ಅಂಗಿ ಜೇಬಿನಲ್ಲೇ ಇದೆ ಅಬ್ಬಾ... ಸಿಕ್ಕಿತು.

“ಶಾಹಿಸ್ತಾ. ಹ್ವಾದ ಸಲ ಇದರಾಗ ಪಾಯಿಂಟ್ ಇತ್ತೇನು?”

ಇರಲಿಲ್ರಿ ಅಂದೆ.

“ಈ ಸಲ ಐತಿ. ನಾಕು... ಪಾಯಿಂಟ್...”